ಬೋರ್ಡಿಲ್ಲದ ಗೆರೆ

‘ಊರುಕೇರಿ’ ಓದಿ ನಕ್ಕವರು ಬಹಳ ಜನ. ನಕ್ಕವರಲ್ಲಿ ಕೆಲವರಿಗೆ ಒಂದು ಸಮಾಧಾನ: 1975ರಲ್ಲಿ ‘ಹೊಲೆಮಾದಿಗರ ಹಾಡು’ ಕೊಟ್ಟ ಸಿದ್ಧಲಿಂಗಯ್ಯ ಆತ್ಮಕತೆಗೆ ಬರುವ ಹೊತ್ತಿಗೆ ತಣ್ಣಗಾದರು ಅಂತ. ನಮ್ಮ ಕೆಲವು ಗೆಳೆಯರಿಗೆ ಅದೇ ಕಾರಣಕ್ಕೆ ಬೇಸರ. ಸಿಟ್ಟು ಎಲ್ಲಿ ಹೋಯಿತು ಅಂತ ಕೇಳುತ್ತಾರೆ. ಇಬ್ಬರೂ ಪುಸ್ತಕದ ಮೊದಲ ಪುಟಗಳನ್ನೇ ಸರಿಯಾಗಿ ಓದಿಲ್ಲ.

ಮಾಗಡಿ ತಾಲ್ಲೂಕಿನ ಮಂಚನಬೆಲೆ. ಹೊಲದಲ್ಲಿ ಇಬ್ಬರು ಮನುಷ್ಯರು ಎತ್ತುಗಳ ಹಾಗೆ ನೊಗ ಹೊತ್ತಿದ್ದಾರೆ, ಮೂರನೆಯವನು ಉಳುತ್ತಿದ್ದಾನೆ. ನೋಡುವ ಹುಡುಗನಿಗೆ ಅದು ತಮಾಷೆ. ಆಮೇಲೆ ತಿಳಿಯುತ್ತದೆ, ನೊಗ ಹೊತ್ತವರಲ್ಲಿ ಒಬ್ಬ ತನ್ನ ಅಪ್ಪ. ಇದು ತಣ್ಣಗಾದ ಸಿಟ್ಟೇ? ಓದುಗನನ್ನೂ ಹುಡುಗನ ಪಕ್ಕ ನಿಲ್ಲಿಸಿ, ನಗಿಸಿ, ‘ನೀನು ನಕ್ಕಿದ್ದು ಯಾರನ್ನ ನೋಡಿ?’ ಅಂತ ಕತ್ತಿನ ಪಟ್ಟಿ ಹಿಡಿಯುವ ಕ್ರಮ ಇದು.

ಈ ಕ್ರಮ ಯಾಕೆ ಬೇಕಾಯಿತು? ಬೇರೆ ಸಮಾಜಗಳ ಕಡೆ ನೋಡಿದರೆ ಗೊತ್ತಾಗುತ್ತದೆ. ಸಿದ್ಧಲಿಂಗಯ್ಯ ಹುಟ್ಟಿದ್ದು 1954ರಲ್ಲಿ. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟು, ಕರಿಯರ ಮಕ್ಕಳಿಗೆ ಬೇರೆ ಶಾಲೆ ಇಡುವುದು ಸಂವಿಧಾನಕ್ಕೆ ವಿರುದ್ಧ ಅಂದಿತು. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಭೇದವೇ ಕಾನೂನು. ನೀರಿನ ನಲ್ಲಿಗೂ ಬೋರ್ಡು. ದಕ್ಷಿಣ ಆಫ್ರಿಕ 1950ರಲ್ಲಿ, ಯಾವ ಬಣ್ಣದವರು ಎಲ್ಲಿ ವಾಸ ಮಾಡಬೇಕು ಅಂತ ಕಾಯಿದೆ ಮಾಡಿತು. ಅದು ರದ್ದಾಗಲು 1991 ಬರಬೇಕಾಯಿತು. ನಮ್ಮಲ್ಲಿ ತಿರುವುಮುರುವು. ಅದೇ 1950ರಲ್ಲಿ ಜಾರಿಗೆ ಬಂದ ಸಂವಿಧಾನ 17ನೇ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತ್ತು. ಮಂಚನಬೆಲೆಯ ಕೂಸು ಕಾಗದದ ಮೇಲೆ ಹುಟ್ಟಿನಿಂದಲೇ ಸ್ವತಂತ್ರ. ಊರು ಮಾತ್ರ ಊರೇ, ಕೇರಿ ಕೇರಿಯೇ. ಬೋರ್ಡಿದ್ದರೆ ಕಿತ್ತು ಹಾಕಬಹುದು. ಎಲ್ಲರಿಗೂ ಗೊತ್ತಿರುವ ಗೆರೆಗೆ ಬೋರ್ಡು ಯಾಕಪ್ಪಾ ಬೇಕು? ಅದಕ್ಕೇ ಇಲ್ಲಿ ಬರಹಗಾರನ ಮೊದಲ ಕೆಲಸ ಕಾಣದ ಗೆರೆಯನ್ನು ಕಾಣಿಸೋದು.

ರಿಚರ್ಡ್ ರೈಟ್ 1945ರಲ್ಲಿ ‘ಬ್ಲ್ಯಾಕ್ ಬಾಯ್’ ಬರೆದ. ಅಲ್ಲೂ ಹಸಿವು, ಇಲ್ಲೂ ಹಸಿವು. ರೈಟ್ ರೈಲು ಹತ್ತಿ ಶಿಕಾಗೋಗೆ ಹೋದ. ಅಲ್ಲೂ ಕರಿಯರಿಗೆ ಬೇರೆ ಬೀದಿಗಳೇ. ಸಿದ್ಧಲಿಂಗಯ್ಯ ಬೆಂಗಳೂರಿಗೆ ಬಂದರು, ಶ್ರೀರಾಮಪುರದಲ್ಲೂ ಕೇರಿಯೇ. 1966ರ ಬ್ಲ್ಯಾಕ್ ಪ್ಯಾಂಥರ್‌ಗಳಿಂದ 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್‌ಗಳು ಹೆಸರು ಪಡೆದರು, ಸರಿಯೇ. ಆದರೆ ಅವರ ಸಿಟ್ಟನ್ನೇ ಅಳತೆಗೋಲು ಮಾಡಿ ನಮ್ಮ ಕೇರಿಯ ನಗುವನ್ನು ಅಳೆಯಬಾರದು.

ಇನ್ನೊಂದು ಮೋಸದ ಮಾತಿದೆ: ಜಾತಿಯೂ ನಮ್ಮ ವೈವಿಧ್ಯವೇ ಅನ್ನೋದು. ರಾಮನಗರದ ಮಾರುಕಟ್ಟೆಗೆ ರೈತ ರೇಷ್ಮೆಗೂಡು ತರುತ್ತಾನೆ. ನೂಲು ಬಿಚ್ಚುವವರಲ್ಲಿ ಮುಸ್ಲಿಮರು ಬಹಳ. ಚನ್ನಪಟ್ಟಣದ ಅರಗಿನ ಗೊಂಬೆಗೆ ಹಲವು ಮತದವರ ಕೈ ತಾಗಿದೆ. ಕನಕಪುರ, ಮಾಗಡಿಯ ಕಾಡಂಚಿನ ಇರುಳಿಗರ ಮಾತಿನ ಧಾಟಿಯೇ ಬೇರೆ. ಇದು ವೈವಿಧ್ಯ. ಇರುಳಿಗರನ್ನು ಜೀತಕ್ಕೆ ಇಟ್ಟುಕೊಂಡರಲ್ಲ, ಅದೂ ವೈವಿಧ್ಯವೇ? ಪಕ್ಕಪಕ್ಕ ಇರೋದು ಬೇರೆ, ಮೇಲೆ ಕೆಳಗೆ ಇರೋದು ಬೇರೆ. ಅಂಬೇಡ್ಕರ್ ಶ್ರೇಣೀಕೃತ ಅಸಮಾನತೆ ಅಂದದ್ದು ಈ ಎರಡನೆಯದನ್ನು.

‘ಊರುಕೇರಿ’ಯ ಬಗ್ಗೆ ನನಗೂ ತಕರಾರಿದೆ. ನಗು ಎಷ್ಟು ಸಲೀಸಾಗಿ ಹರಿಯುತ್ತದೆ ಅಂದರೆ, ಮೇಲ್ಜಾತಿಯ ಓದುಗ ನೊಗದ ಪುಟವನ್ನು ದಾಟಿ ಆರಾಮಾಗಿ ಮುಂದೆ ಹೋಗಿಬಿಡಬಹುದು. ಹಾಗೆ ಹೋಗಲು ಬಿಡದಿರೋದು ಪಾಠ ಹೇಳುವವರ ಜವಾಬ್ದಾರಿ.

ಈ ನಾಲ್ಕು ತಾಲ್ಲೂಕು ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2021ರಲ್ಲಿ ಕವಿ ಕೋವಿಡ್‌ಗೆ ಬಲಿಯಾದರು. 2025ರಲ್ಲಿ ಸರ್ಕಾರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟಿತು. ಜಿಲ್ಲೆಯ ಬೋರ್ಡು ಬದಲಾಯಿಸೋದು ಸುಲಭ. ಹಳ್ಳಿಯ ಮೇಷ್ಟರುಗಳೇ, ‘ಊರುಕೇರಿ’ ಓದಿಸುವ ಮುಂಚೆ ಮಕ್ಕಳ ಕೈಲಿ ಅವರವರ ಊರಿನ ನಕ್ಷೆ ಬರೆಸಿ. ಕೇರಿಯನ್ನು ಎಲ್ಲಿ ಬರೀತಾರೆ, ಎಷ್ಟು ಜನ ಬರೆಯೋದನ್ನೇ ಮರೀತಾರೆ ನೋಡಿ. ಪಾಠ ಅಲ್ಲಿಂದ ಶುರುವಾಗಲಿ.