ಶರೀಫರ ಗುಡುಗುಡಿ, ರಘು ದೀಕ್ಷಿತರ ಗಿಟಾರು

ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಹೊರಬಂದದ್ದು 2008ರಲ್ಲಿ, ವಿಶಾಲ್-ಶೇಖರ್ ಜೋಡಿಯ ಕಂಪನಿಯಿಂದ. ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಶಿಶುನಾಳ ಶರೀಫರ ಗುಡುಗುಡಿಯ ತತ್ವಪದವೂ ಇತ್ತು. ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿದ ಈ ಗಾಯಕ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದವರೆಗೆ ಹೋದರು. ಕನ್ನಡದಲ್ಲೂ ರಾಕ್ ಹಾಡಬಹುದು ಎಂದು ಕಾಲೇಜು ಹುಡುಗರಿಗೆ ಧೈರ್ಯ ಕೊಟ್ಟ ಆಲ್ಬಂ ಇದು. ಆದರೆ ನನ್ನ ಪ್ರಶ್ನೆ ಬೇರೆ: ಇದರಿಂದ ಶರೀಫರಿಗೆ ಏನಾಯಿತು?

ಬ್ಯಾಡಗಿಯವನಾದ ನನಗೆ ಇದು ಹತ್ತಿರದ ಪ್ರಶ್ನೆ. ಶರೀಫರ (1819–1889) ಶಿಶುವಿನಹಾಳ ನಮ್ಮದೇ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನಲ್ಲಿದೆ. ಈ ಭಾಗದ ಭಜನಾ ಮೇಳಗಳಲ್ಲಿ ತತ್ವಪದ ಒಬ್ಬರ ಸೊತ್ತಲ್ಲ. ಮುಂದಿನವರು ಎತ್ತಿಕೊಟ್ಟರೆ ಉಳಿದವರು ತಾಳ, ದಮ್ಮಡಿ ಬಡಿಯುತ್ತ ಹಿಂದೆ ಹಾಡುತ್ತಾರೆ. ಸಿ. ಅಶ್ವತ್ಥ್ ಈ ಪದಗಳನ್ನು ನಾಡಿಗೆಲ್ಲ ಮುಟ್ಟಿಸಿದರು. 1990ರಲ್ಲಿ ಬಂದ ನಾಗಾಭರಣರ ಸಿನಿಮಾಕ್ಕೂ ಅವರದೇ ಸಂಗೀತ. ಆದರೆ ಸುಗಮ ಸಂಗೀತದ ಸಭೆಯಲ್ಲಿ ಗಾಯಕ ಹಾಡುತ್ತಾನೆ, ನಾವು ಕೂತು ಕೇಳುತ್ತೇವೆ. ದೀಕ್ಷಿತ್ ಅದನ್ನು ತಿರುಗಿ ಗುಂಪಿನ ಬಾಯಿಗೆ ಕೊಟ್ಟರು. ಡ್ರಮ್ಸು, ಗಿಟಾರು ಹೊಸವು. ನಿಂತ ಜನ ಒಟ್ಟಿಗೆ ಪಲ್ಲವಿ ಎತ್ತುವುದು ಹಳೆಯದು. ಹಾಗಾಗಿ ರಾಕ್ ಸಂಗೀತ ಶರೀಫರನ್ನು ಕೆಡಿಸಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ತಕರಾರು ಇರುವುದು ಚರಣಗಳ ಬಗ್ಗೆ. ಈ ಪದದಲ್ಲಿ ಮನಸ್ಸೇ ಸಂಚಿ, ಮೋಹವೇ ಗಾಂಜಾ, ಬುದ್ಧಿಯೇ ಬೆಂಕಿ. ಸೇದು ಎಂದು ಕರೆಯುವ ಪಲ್ಲವಿಯನ್ನು ಚರಣಗಳು ಒಂದೊಂದೇ ಹೆಜ್ಜೆಯಲ್ಲಿ ತಲೆಕೆಳಗು ಮಾಡುತ್ತವೆ. ಕೊನೆಗೆ ಸುಡಬೇಕಾದದ್ದು ಸೇದುವವನ ಮೋಹವೇ. ಭಜನೆಯವರು ಒಂದು ಚರಣ ಮುಗಿಸಿ ನಿಲ್ಲುತ್ತಾರೆ, ಕೆಲವೊಮ್ಮೆ ಅರ್ಥವನ್ನೂ ಹೇಳುತ್ತಾರೆ. ದೀಕ್ಷಿತರ ಓಟದಲ್ಲಿ ಆ ಬಿಡುವಿಲ್ಲ. ಚರಣ ಕಿವಿಗೆ ಬೀಳುವಷ್ಟರಲ್ಲಿ ಪಲ್ಲವಿ ಮತ್ತೆ ಬಂದು ಜನರನ್ನು ಕುಣಿಸುತ್ತದೆ. ಗಾಂಜಾದ ವಿರುದ್ಧವೇ ತಿರುಗುವ ಪದ ಎಷ್ಟೋ ಹುಡುಗರಿಗೆ ಗಾಂಜಾದ ಹಾಡಾಗಿ ಕೇಳುವುದು ಇದರಿಂದಲೇ.

ನಮ್ಮೂರ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ದೀಕ್ಷಿತರ ಗುಡುಗುಡಿಯೂ ಹಾಗೇ. ಅದನ್ನು ದೋಷವೆಂದು ತಳ್ಳಿಹಾಕಲಾರೆ; ಬ್ಯಾಡಗಿ ಕಾಯಿಯನ್ನು ಜನ ಕೊಳ್ಳುವುದೇ ಬಣ್ಣಕ್ಕೆ. ಶರೀಫರ ಹೆಸರೇ ಕೇಳಿರದವರನ್ನು ಆ ಬಣ್ಣ ಕರೆದು ತಂದಿದೆ. ಹಾಗೆ ಬಂದವರಿಗೆ ನನ್ನದೊಂದೇ ಮಾತು: ಕುಣಿದಾದ ಮೇಲೆ ಚರಣಗಳನ್ನು ಒಮ್ಮೆ ನಿಧಾನವಾಗಿ ಓದಿ. ಖಾರ ಇರುವುದು ಅಲ್ಲಿ.