ಮೂವರಲ್ಲಿ ಒಬ್ಬರು: ಯಾರ ಲೆಕ್ಕ, ಎಷ್ಟು ವರ್ಷದ ಲೆಕ್ಕ?

ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಒಳಗಾದ ಮೂವರಲ್ಲಿ ಒಬ್ಬರು ಕರುಳಿನ ಅಂಟಿಕೆಗಳಿಂದಾಗಿ ಮತ್ತೆ ಆಸ್ಪತ್ರೆ ಸೇರುತ್ತಾರೆಂದು ಆರೋಗ್ಯ ಲೇಖನಗಳಲ್ಲಿ ನೀವು ಓದಿರಬಹುದು. ಈ ಮಾತಿನ ಮೂಲ 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿದ ಸ್ಕಾಟ್ಲೆಂಡಿನ ಒಂದು ಅಧ್ಯಯನ. ಮಾತನ್ನು ಒಪ್ಪುವ ಮುನ್ನ ಅದರ ಛೇದವನ್ನು ನೋಡಬೇಕು.

ಮೊದಲು ಅಂಟಿಕೆ ಎಂದರೇನೆಂದು ತಿಳಿಯೋಣ. ಕರುಳನ್ನು ಹೊದ್ದಿರುವ ನುಣುಪಾದ ಉದರಪೊರೆಗೆ ಗಾಯವಾದಾಗ ಅಲ್ಲಿ ಫೈಬ್ರಿನ್ ಶೇಖರವಾಗುತ್ತದೆ. ಅದು ಕೆಲವೇ ದಿನಗಳಲ್ಲಿ ಕರಗದಿದ್ದರೆ ನಾರಿನ ಪಟ್ಟಿಯಾಗಿ ಉಳಿದು ಕರುಳಿನ ಸುರುಳಿಗಳನ್ನು ಬೆಸೆಯುತ್ತದೆ. ಹೆಚ್ಚಿನವರಿಗೆ ಇದರಿಂದ ತೊಂದರೆಯಿಲ್ಲ. ಕೆಲವರಲ್ಲಿ ಮಾತ್ರ ಕರುಳು ಪಟ್ಟಿಯಡಿ ಸಿಕ್ಕಿ ಮಡಿಚಿಕೊಳ್ಳುತ್ತದೆ. ತಡೆಯ ಹಿಂದೆ ದ್ರವ ಮತ್ತು ನುಂಗಿದ ಗಾಳಿ ತುಂಬಿ ಕರುಳು ಉಬ್ಬುತ್ತದೆ. ಲಾಪ್ಲಾಸ್ ನಿಯಮದಂತೆ, ಒತ್ತಡ ಅಷ್ಟೇ ಇದ್ದರೂ ತ್ರಿಜ್ಯ ಇಮ್ಮಡಿಸಿದರೆ ಗೋಡೆಯ ಬಿಗಿತವೂ ಇಮ್ಮಡಿಸುತ್ತದೆ. (ಭೌತಶಾಸ್ತ್ರದ ಮೇಷ್ಟ್ರಿಗೆ ಇಲ್ಲಿ ಬಾಯಿ ಹಾಕಲು ಇಷ್ಟೇ ಅಧಿಕಾರ.) ರಕ್ತ ಸಂಚಾರ ನಿಂತರೆ ಆ ಭಾಗ ಸಾಯುತ್ತದೆ, ಅದನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಹೀಗೆ ಮಾಡಿದ ಶಸ್ತ್ರಕ್ರಿಯೆಯೇ ಹೊಸ ಅಂಟಿಕೆಗೆ ದಾರಿ!

ಈಗ ಅಂಕಿಗಳಿಗೆ ಬರೋಣ. 1986ರಲ್ಲಿ ಶಸ್ತ್ರಚಿಕಿತ್ಸೆಯಾದ 29,790 ಮಂದಿಯ ಹತ್ತು ವರ್ಷದ ದಾಖಲೆಗಳನ್ನು ಅಧ್ಯಯನ ಪರಿಶೀಲಿಸಿತು. ಶೇಕಡ 34.6 ಮಂದಿ ಸರಾಸರಿ 2.1 ಸಲ ಮರಳಿ ದಾಖಲಾಗಿದ್ದರು. ಆದರೆ ಅಂಟಿಕೆಗೆ 'ಪ್ರಾಯಶಃ' ಸಂಬಂಧಿಸಿದ ಕಾಯಿಲೆಗಳೂ, ಅಂಟಿಕೆಯಿಂದ ತೊಡಕಾಗಬಹುದಾಗಿದ್ದ ಬೇರೆ ಶಸ್ತ್ರಕ್ರಿಯೆಗಳೂ ಅದರಲ್ಲಿ ಸೇರಿವೆ. ಅಂಟಿಕೆಯೇ ನೇರ ಕಾರಣವೆಂದು ಗುರುತಿಸಿದ್ದು ಮರುದಾಖಲೆಗಳ ಶೇಕಡ 5.7ರಷ್ಟನ್ನು ಮಾತ್ರ. ಮೊದಲನೆಯದರ ಛೇದ ರೋಗಿಗಳು, ಎರಡನೆಯದರ ಛೇದ ದಾಖಲಾತಿಗಳು. 'ಪ್ರಾಯಶಃ' ಎಂಬ ಪದವನ್ನು ಉದ್ಧರಿಸುವವರು ದಾರಿಯಲ್ಲಿ ಬೀಳಿಸಿಬಿಟ್ಟಿದ್ದಾರೆ.

ಹಾಗಾದರೆ ಭಯವೆಲ್ಲ ಉತ್ಪ್ರೇಕ್ಷೆಯೇ? ಮಕ್ಕಳ ವಿಷಯದಲ್ಲಿ ನಾನು ಹಾಗೆನ್ನಲಾರೆ. 2008ರಲ್ಲಿ ಮಕ್ಕಳದೇ ಪ್ರತ್ಯೇಕ ಅಧ್ಯಯನ ಬಂತು. ಅಪೆಂಡಿಕ್ಸ್ ತೆಗೆದವರಲ್ಲಿ ಅಪಾಯ ತೀರ ಕಡಿಮೆ, ಸಣ್ಣಕರುಳಿನ ತುದಿಯನ್ನು ಹೊಟ್ಟೆಯ ಹೊರಕ್ಕೆ ತೆರೆದವರಲ್ಲಿ ಬಹಳ ಹೆಚ್ಚು. ಇವೆರಡಕ್ಕೂ ಒಂದೇ ಸರಾಸರಿ ಹೇಳಿ ಪ್ರಯೋಜನವೇನು? ಮೇಲಾಗಿ, ಹುಟ್ಟಿದ ವಾರದಲ್ಲೇ ಶಸ್ತ್ರಚಿಕಿತ್ಸೆಯಾದ ಶಿಶುವಿಗೆ ಹತ್ತು ವರ್ಷದ ಅವಧಿ ಸಾಲದು. ಅಡಚಣೆ ದಶಕಗಳ ನಂತರವೂ ಬರಬಹುದು.

ಖರ್ಚಿನ ಲೆಕ್ಕವೂ ಹೀಗೆಯೇ ಅಪೂರ್ಣ. 2018ರಲ್ಲಿ ಆರಂಭವಾದ 'ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ' ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಟ್ಟಿತು. ಆದರೆ ಹೆಗ್ಗಡದೇವನಕೋಟೆಯಿಂದ ಮಗುವನ್ನೆತ್ತಿಕೊಂಡು ಮೈಸೂರಿಗೆ ಬಂದು ವಾರಗಟ್ಟಲೆ ವಾರ್ಡಿನ ಹೊರಗೆ ಕಾಯುವ ತಾಯ್ತಂದೆಯರು ಕಳೆದುಕೊಂಡ ಕೂಲಿ ಯಾವ ಆಸ್ಪತ್ರೆಯ ಬಿಲ್ಲಿನಲ್ಲಿ ಕಾಣಿಸುತ್ತದೆ?

ಶಿಕ್ಷಕರೇ, ಹೊಟ್ಟೆಯ ಮೇಲೆ ಹಳೆಯ ಹೊಲಿಗೆಯ ಗುರುತಿರುವ ಮಗು ಹಸಿರು ವಾಂತಿ ಮಾಡಿಕೊಂಡರೆ, ಹೊಟ್ಟೆ ಉಬ್ಬಿ ನೋವೆಂದರೆ, ಅಜೀರ್ಣವೆಂದು ಸೋಡಾ ಕುಡಿಸಿ ಕೂರಿಸಬೇಡಿ. ತಕ್ಷಣ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಕಳಿಸಿ. ಹಿಂದಿನ ಡಿಸ್ಚಾರ್ಜ್ ಚೀಟಿಯನ್ನು ಮನೆಯವರು ಜೊತೆಗೆ ತರಲಿ.