ಎರಡೇ ಪಟ್ಟುಗಳ ಕಸರತ್ತು

ಕೆಟಲ್‌ಬೆಲ್ ಹಿಡಿದು ಮೈ ಗಟ್ಟಿ ಮಾಡಿಕೊಳ್ಳಲು ಹೊರಟವರ ಮುಂದೆ ಇವತ್ತು ನೂರೆಂಟು ಕ್ರಮಗಳಿವೆ. ಅವುಗಳಲ್ಲಿ ಬಾಳಿಕೆ ಬಂದದ್ದು ಪಾವೆಲ್ ತ್ಸತ್ಸೂಲಿನ್ 2013ರಲ್ಲಿ ಪ್ರಕಟಿಸಿದ ‘ಸಿಂಪಲ್ ಆ್ಯಂಡ್ ಸಿನಿಸ್ಟರ್’. ಮಿನ್ಸ್ಕ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಈ ತರಬೇತುದಾರ, ಹಿಡಿಕೆಯಿರುವ ರಷ್ಯಾದ ಕಬ್ಬಿಣದ ಗುಂಡನ್ನು ಅಮೆರಿಕದ ಜಿಮ್‌ಗಳಿಗೆ ಪರಿಚಯಿಸಿದವರಲ್ಲಿ ಮುಖ್ಯರು. ಅವರ ಕ್ರಮ ಕಾರವಾರ, ಅಂಕೋಲೆಯಂಥ ಕರಾವಳಿಯ ಊರಿನವರಿಗೆ ಎಷ್ಟು ಒದಗುತ್ತದೆ? ಅದರ ಸಂಯಮ ನಮಗೆ ಬೇಕೇ ಬೇಕು, ಆದರೆ ಪುಸ್ತಕವೊಂದನ್ನೇ ನಂಬಿ ಅದನ್ನು ಶುರು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕ್ರಮ ತೀರಾ ಚಿಕ್ಕದು. ಮೈ ಬಿಸಿ ಮಾಡಿಕೊಂಡ ಮೇಲೆ ಒಂಟಿ ಕೈಯ ಸ್ವಿಂಗ್, ಹತ್ತರಂತೆ ಹತ್ತು ಸುತ್ತು. ಆಮೇಲೆ ಗೆಟ್‌ಅಪ್, ಎಡಕ್ಕೆ ಐದು, ಬಲಕ್ಕೆ ಐದು. ಅಷ್ಟಕ್ಕೇ ಆ ದಿನದ ಕೆಲಸ ಮುಗಿಯಿತು. ಸಾಮಾನ್ಯ ಗಂಡಸರು 16 ಕಿಲೋದಿಂದ, ಹೆಂಗಸರು 8 ಕಿಲೋದಿಂದ ಹಿಡಿಯಬೇಕು. ಸುತ್ತಿನಿಂದ ಸುತ್ತಿಗೆ ಗಡಿಯಾರ ನೋಡಿ ಓಡುವಂತಿಲ್ಲ. ಏದುಸಿರು ಇಳಿದು ಸಲೀಸಾಗಿ ಮಾತಾಡಲು ಬಂದ ಮೇಲಷ್ಟೇ ಮುಂದಿನ ಸುತ್ತು. ದಣಿದು ಬೀಳುವುದಕ್ಕೆ ಇಲ್ಲಿ ಯಾವ ಮರ್ಯಾದೆಯೂ ಇಲ್ಲ.

ಈ ಕ್ರಮದ ಜೀವ ಇರುವುದೇ ಇಲ್ಲಿ. ಮೊದಲ ವಾರದಲ್ಲೇ ಮೈಯೆಲ್ಲ ಹಣ್ಣಾಗುವಷ್ಟು ದುಡಿದು, ಎರಡನೇ ವಾರ ಮೆಟ್ಟಿಲು ಇಳಿಯಲಾರದೆ, ಮೂರನೇ ವಾರ ಜಿಮ್ ಬಿಟ್ಟವರು ಯಾವ ಊರಿನಲ್ಲೂ ಸಿಗುತ್ತಾರೆ. ಪಾವೆಲ್ ಹೇಳುವುದು ಇದಕ್ಕೆ ತದ್ವಿರುದ್ಧ: ಅಭ್ಯಾಸ ಮುಗಿದಾಗ ಮೈಯಲ್ಲಿ ಇನ್ನೂ ಕಸುವು ಉಳಿದಿರಬೇಕು, ನಾಳೆ ಮತ್ತೆ ಮಾಡುವ ಹುಮ್ಮಸ್ಸಿರಬೇಕು. ಕರಾವಳಿಯ ಸೆಕೆಗೆ ಇದಕ್ಕಿಂತ ಒಪ್ಪುವ ನಿಯಮ ಇನ್ನೊಂದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬೆವರು ಆರುವುದಿಲ್ಲ, ಆದ್ದರಿಂದ ಮೈ ತಣಿಯುವುದೂ ನಿಧಾನ. ಉಸಿರು ನೋಡಿಕೊಂಡು ನಡೆಯುವವರು ಅಂಥ ದಿನ ತಾವಾಗಿಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ಜೂನ್‌ನಿಂದ ಮಳೆ ಹಿಡಿದು ಠಾಗೋರ್ ಕಡಲತೀರದ ನಡಿಗೆ ನಿಂತುಹೋದಾಗಲೂ ಅಭ್ಯಾಸ ತಪ್ಪಬೇಕಿಲ್ಲ. ಮನೆಯ ಜಗಲಿ, ಒಂದು ಚಾಪೆ, ಒಂದು ಗುಂಡು ಇದ್ದರೆ ಸಾಕು.

ಆದರೆ ಸ್ವಿಂಗ್ ಕಾಣುವಷ್ಟು ಸುಲಭವಲ್ಲ. ಗುಂಡು ಕಾಲುಗಳ ನಡುವೆ ಹಿಂದಕ್ಕೆ ಹೋಗುವಾಗ ಸೊಂಟದ ಕೀಲು ಮಡಚಬೇಕು, ಬೆನ್ನು ಹಲಗೆಯಂತೆ ನೇರ ಉಳಿಯಬೇಕು. ಪೃಷ್ಠದ ಸ್ನಾಯು ಬಿಗಿದು ಮೈ ಒಮ್ಮೆಲೇ ನೆಟ್ಟಗಾದಾಗ ಆ ರಭಸಕ್ಕೆ ಗುಂಡು ಎದೆಯ ಮಟ್ಟಕ್ಕೆ ತೇಲಿ ಬರುತ್ತದೆ. ಕೈ ಬರಿಯ ಹಗ್ಗ. ಹೊಸಬರು ಮಾಡುವುದೇ ಬೇರೆ. ಮಂಡಿ ಮಡಚಿ ಬಸ್ಕಿ ಹೊಡೆಯುತ್ತಾರೆ, ಭುಜದಿಂದ ಗುಂಡನ್ನು ಎತ್ತುತ್ತಾರೆ, ಕೆಳಗೆ ಬರುವಾಗ ಬೆನ್ನು ಬಾಗಿಸುತ್ತಾರೆ. ತಪ್ಪು ಮಾಡುತ್ತಿರುವವರಿಗೆ ತಮ್ಮ ಬೆನ್ನು ಕಾಣುವುದಿಲ್ಲ, ಪುಸ್ತಕಕ್ಕಂತೂ ಕಾಣುವುದೇ ಇಲ್ಲ. ಸ್ವಿಂಗ್‌ನಲ್ಲಿ ಬೆನ್ನುಮೂಳೆಯ ಮೇಲೆ ಬೀಳುವ ಬಲ ಸಾಮಾನ್ಯ ಭಾರ ಎತ್ತುವಿಕೆಯಂತಲ್ಲ, ಆದ್ದರಿಂದ ಕೆಲವರ ಬೆನ್ನಿಗೆ ಅದು ಒಗ್ಗದಿರಬಹುದು ಎಂದು ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ 2012ರಲ್ಲೇ ಎಚ್ಚರಿಸಿದ್ದಾರೆ.

ಹಾಗೆಂದು ಬೆನ್ನುನೋವಿದ್ದವರಿಗೆ ಇದು ನಿಷಿದ್ಧವೂ ಅಲ್ಲ. 2011ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಅಧ್ಯಯನವೊಂದರಲ್ಲಿ 40 ಉದ್ಯೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 8 ವಾರ, ವಾರಕ್ಕೆ ಮೂರು ಸಲ, 20 ನಿಮಿಷದಂತೆ ಕೆಟಲ್‌ಬೆಲ್ ಅಭ್ಯಾಸ ಮಾಡಿಸಿದರು. ಅವರ ಕುತ್ತಿಗೆ, ಭುಜ, ಸೊಂಟದ ನೋವು ಕಡಿಮೆಯಾಯಿತು, ಬೆನ್ನಿಗೆ ಬಲ ಬಂತು. ಆದರೆ ದಮ್ಮಿನ ಶಕ್ತಿಯಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ. ಒಂದೇ ಗುಂಡಿನಿಂದ ಎದೆಗುಂಡಿಗೆಯ ಆರೋಗ್ಯವೂ ತಾನಾಗಿ ಬಂದುಬಿಡುತ್ತದೆ ಎನ್ನುವವರು ಈ ಅರ್ಧವನ್ನು ಹೇಳುವುದಿಲ್ಲ. ನಡಿಗೆಯನ್ನೋ ಈಜನ್ನೋ ಬಿಡದೆ ಇದನ್ನು ಜೊತೆಗಿಟ್ಟುಕೊಳ್ಳುವುದೇ ಸರಿ.

ಗೆಟ್‌ಅಪ್ ಬಗ್ಗೆ ನನಗೆ ಹೆಚ್ಚಿನ ಗೌರವವಿದೆ. ಅಂಗಾತ ಮಲಗಿ, ಗುಂಡನ್ನು ಒಂದು ಕೈಯಲ್ಲಿ ಮೇಲಕ್ಕೆ ಚಾಚಿ, ಮೊದಲು ಮೊಣಕೈ, ಆಮೇಲೆ ಅಂಗೈ, ಆಮೇಲೆ ಮಂಡಿ ಊರಿ ನಿಲ್ಲಬೇಕು. ಬಂದ ದಾರಿಯಲ್ಲೇ ಮತ್ತೆ ಮಲಗಬೇಕು. ಮೀನಿನ ಬುಟ್ಟಿಯನ್ನು ನೆಲದಿಂದ ತಲೆಗೇರಿಸಿ ಮನೆಮನೆ ತಿರುಗುವ ಕಾರವಾರದ ಹೆಂಗಸರಿಗೂ, ಕಾಯಿಪಲ್ಲೆ ಹೊತ್ತು ಅಂಕೋಲೆ ಪೇಟೆಗೆ ಬರುವ ಹಾಲಕ್ಕಿ ಹೆಂಗಸರಿಗೂ ಹೊರೆಯ ಕೆಳಗೆ ಮೈ ಸಂಭಾಳಿಸುವ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ದಿನವಿಡೀ ಹೊರೆ ಹೊರುವ ಅಂಥ ಮೈಗೆ ಬೇಕಾದದ್ದು ವಿಶ್ರಾಂತಿ ಮತ್ತು ಊಟ. ಈ ಕಸರತ್ತು ಬೇಕಿರುವುದು ಜಿಲ್ಲಾ ಕೇಂದ್ರದ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಅಂಗಡಿ ಗಲ್ಲಾದ ಹಿಂದೆ ಕೂತವರಿಗೆ. ಮಣೆಯ ಬದಲು ಮೇಜು ಬಂದ ಮನೆಗಳಲ್ಲಿ ನೆಲದಿಂದ ಏಳುವುದೇ ಮರೆತುಹೋಗಿದೆ. ಐವತ್ತು ದಾಟಿದವರಿಗೆ ಗುಂಡಿಲ್ಲದ ಬರಿಗೈ ಗೆಟ್‌ಅಪ್ ಕೂಡ ದೊಡ್ಡ ಸಾಧನೆ.

ಕ್ರಮದಲ್ಲಿ ಕೊರತೆಗಳೂ ಇವೆ. ತೂಕದ ಮೆಟ್ಟಿಲು ಬಹಳ ಎತ್ತರ: ಗಂಡಸರು 16ರಿಂದ 24ಕ್ಕೆ, 24ರಿಂದ 32ಕ್ಕೆ ಹಾರಬೇಕು. ಹೊಸ ತೂಕವನ್ನು ಒಂದೆರಡು ಸುತ್ತಿಗಷ್ಟೇ ಸೇರಿಸುತ್ತ ಹೋಗಬೇಕೆಂದು ಪುಸ್ತಕ ಹೇಳುತ್ತದೆ ನಿಜ, ಆದರೂ 20 ಕಿಲೋದ ಗುಂಡು ನಡುವೆ ಇದ್ದರೆ ಭುಜಕ್ಕೆ ಕ್ಷೇಮ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಎಳೆತ ಇಲ್ಲದಿರುವುದು. ಊರೇ ಸೇರಿ ರಂಪಣಿ ಬಲೆ ಎಳೆದ ದಂಡೆ ನಮ್ಮದು. ಬೆನ್ನಿನ ಮೇಲ್ಭಾಗಕ್ಕೆ, ರಟ್ಟೆಗೆ ಎಳೆತ ಏನು ಕೊಡುತ್ತದೆಂದು ಆ ತಲೆಮಾರಿನ ಮೈಕಟ್ಟೇ ಹೇಳುತ್ತದೆ. ಸ್ವಿಂಗ್, ಗೆಟ್‌ಅಪ್ ಎರಡೂ ಆ ಜಾಗ ತುಂಬುವುದಿಲ್ಲ. ವಾರಕ್ಕೆರಡು ಸಲ ಸರಳು ಹಿಡಿದು ಜೋತು ಮೈ ಮೇಲೆಳೆಯುವುದನ್ನು ಸೇರಿಸಿಕೊಳ್ಳಬೇಕು.

ಊರಿಗೆ ತಕ್ಕ ಎಚ್ಚರವೂ ಬೇಕು. ಬೆವರಿದ ಅಂಗೈಯಿಂದ ಒಂಟಿ ಕೈಯ ಸ್ವಿಂಗ್ ಜಾರಿದರೆ ಟೈಲ್ಸ್ ಒಡೆಯುವುದಷ್ಟೇ ಅಲ್ಲ, ಎದುರಿಗಿದ್ದವರಿಗೂ ಅಪಾಯ. ಸೆಕೆಯ ದಿನ ಎರಡೂ ಕೈಯಲ್ಲಿ ಹಿಡಿಯುವುದು, ಸುತ್ತಿಗೊಮ್ಮೆ ಕೈ ಒರೆಸಿಕೊಳ್ಳುವುದು, ಮಕ್ಕಳನ್ನು ಎದುರಿಗೆ ಬಿಡದಿರುವುದು ಒಳ್ಳೆಯದು. ಕಡಲ ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಅಭ್ಯಾಸ ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿಡಬೇಕು.

ಇನ್ನು ಕಲಿಸುವವರ ಮಾತು. ನಮ್ಮ ಗರಡಿಮನೆಗಳಲ್ಲಿ ಗದೆ, ಲೋಡುಗಳಿಗಿಂತ ಮೊದಲ ಜಾಗ ಉಸ್ತಾದರದು. ಸಾಮು ಮಾಡುವ ಹುಡುಗನ ಕಾಲು ಎಲ್ಲಿ ಊರಿತು, ಬೆನ್ನು ಯಾವಾಗ ಕುಸಿಯಿತು ಎಂದು ನೋಡುವ ಕಣ್ಣು ಅವರದು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕೆ.ವಿ. ಅಯ್ಯರ್ 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಪುಸ್ತಕ ಬರೆದರು, ಅಂಚೆಯ ಮೂಲಕವೂ ವ್ಯಾಯಾಮ ಹೇಳಿಕೊಟ್ಟರು. ಆದರೆ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನೂ ನಡೆಸಿದರು. ಕಾಗದದ ಪಾಠದ ಜೊತೆಗೆ ಎದುರು ನಿಂತು ತಿದ್ದುವ ಜಾಗ ಇರಲೇಬೇಕೆಂಬುದಕ್ಕೆ ಅವರ ಬದುಕೇ ಸಾಕ್ಷಿ.

ಆದ್ದರಿಂದ ಶುರು ಮಾಡುವವರಿಗೆ ನನ್ನ ಸಲಹೆ ಸ್ಪಷ್ಟ. ರಕ್ತದೊತ್ತಡ, ಹೃದಯ, ಬೆನ್ನಿನ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕಾಣಿ. ಮೊದಲ ತಿಂಗಳು ಪುಸ್ತಕ ಹೇಳುವುದಕ್ಕಿಂತ ಹಗುರವಾದ ಗುಂಡು ಹಿಡಿಯಿರಿ, ಸುತ್ತುಗಳ ಸಂಖ್ಯೆ ಅರ್ಧಕ್ಕಿಳಿಸಿ, ಪ್ರತಿ ಸುತ್ತನ್ನೂ ಬಲ್ಲವರ ಎದುರು ಮಾಡಿ. ನಮ್ಮ ಶಾಲೆಗಳ ದೈಹಿಕ ಶಿಕ್ಷಣ ಶಿಕ್ಷಕರು ಈ ಎರಡು ಪಟ್ಟುಗಳನ್ನು ಸರಿಯಾಗಿ ಕಲಿತರೆ ಎರಡೂ ತಾಲ್ಲೂಕುಗಳಲ್ಲಿ ನೂರಾರು ಮನೆಗಳಿಗೆ ಅದು ಮುಟ್ಟುತ್ತದೆ. ಗುಂಡು ಹಣ ಕೊಟ್ಟರೆ ಮನೆಬಾಗಿಲಿಗೆ ಬರುತ್ತದೆ. ತಿದ್ದುವವರನ್ನು ನಾವೇ ಹೋಗಿ ಹುಡುಕಬೇಕು, ಅದೂ ಗುಂಡು ಕೊಳ್ಳುವ ಮೊದಲೇ.